ಜ್ವರದ ದಿನದ ಸಂಬಳ

ಕರಾವಳಿ ಮತ್ತು ಮಲೆನಾಡಿನ ಗದ್ದೆ–ತೋಟಗಳ ಯಜಮಾನರಿಗೆ,



ಮೇ ತಿಂಗಳು ಅರ್ಧ ಕಳೆಯಿತು. ಈ ಹೊತ್ತಿಗೆ ನೀವು ಮೈಲುತುತ್ತಿನ ದರ ವಿಚಾರಿಸಿಯಾಗಿರುತ್ತದೆ, ಮದ್ದು ಬಿಡುವ ಪಂಪಿನ ವಾಷರ್ ಬದಲಿಸಿಯಾಗಿರುತ್ತದೆ, ಕಳೆದ ವರ್ಷ ಮರ ಹತ್ತಿದವರಿಗೆ ಫೋನು ಮಾಡಿ ಈ ವರ್ಷವೂ ಬರುತ್ತೀರಲ್ಲ ಎಂದು ಕೇಳಿಯಾಗಿರುತ್ತದೆ. ನಾನೂ ಅದೇ ಓಡಾಟದಲ್ಲಿದ್ದೇನೆ. ಎರಡೂವರೆ ಎಕರೆ ಅಡಿಕೆ, ಅದರ ಕೆಳಗೆ ಒಂದು ತುಂಡು ಗದ್ದೆ, ಇಷ್ಟೇ ನನ್ನ ಆಸ್ತಿ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ಇದೆಯೆಂದು ಈ ಪತ್ರ ಬರೆಯುತ್ತಿಲ್ಲ. ನಾನು ಮಾಡಿದ ಒಂದು ತಪ್ಪು ನಿಮ್ಮಲ್ಲಿ ಯಾರಿಂದಲೂ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಆಟಿ ತಿಂಗಳು. ಹನ್ನೊಂದು ದಿನ ಬಿಡದೆ ಹೊಡೆದ ಮಳೆ ಒಂದು ಬೆಳಿಗ್ಗೆ ಬಿಟ್ಟು ಹೊಳವಾಯಿತು. ಅಂಥ ಬೆಳಗಿನ ಬೆಲೆ ಅಡಿಕೆ ಬೆಳೆದವನಿಗೆ ಮಾತ್ರ ಗೊತ್ತು. ಮೊದಲ ಸಲ ಮದ್ದು ಬಿಟ್ಟು ನಲವತ್ತೈದು ದಿನ ದಾಟಿತ್ತು. ಬುಡದಲ್ಲಿ ಕೊಳೆರೋಗ ಬಂದ ಕಾಯಿ ಉದುರಲು ಶುರುವಾಗಿತ್ತು. ಹದಿನಾಲ್ಕು ವರ್ಷದಿಂದ ನಮ್ಮ ಮರ ಹತ್ತುತ್ತಿದ್ದಾತ ಹೇಳಿದ ಹೊತ್ತಿಗೇ ಬಂದ. ಆದರೆ ಬಂದವನು ಜಗಲಿಯ ಕಟ್ಟೆಯಲ್ಲಿ ಕೂತುಬಿಟ್ಟ. “ಧಣಿ, ರಾತ್ರಿಯಿಂದ ಚಳಿಜ್ವರ. ತಲೆ ಎತ್ತಲಿಕ್ಕೆ ಆಗುವುದಿಲ್ಲ” ಎಂದ. ನಾನು ಒಂದು ಲೋಟ ಚಾ ಕೊಟ್ಟೆ, ಒಂದು ಪ್ಯಾರಸಿಟಮಾಲ್ ಕೊಟ್ಟೆ. “ಇವತ್ತೊಂದು ದಿನ ಹೇಗಾದರೂ ಸುಧಾರಿಸು ಮಾರಾಯ, ನಾಳೆ ಮತ್ತೆ ಮಳೆ ಹಿಡಿದರೆ ಮಲಗುವುದು ಇದ್ದೇ ಇದೆಯಲ್ಲ” ಎಂದೆ. ಅವನು ಹತ್ತಿದ.

ಮಾರನೆಯ ದಿನ ಮೀನಖಂಡ ಮುಟ್ಟಲು ಬಿಡಲಿಲ್ಲ. ಮರ ಹತ್ತಿ ಹತ್ತಿ ಕಾಲು ಹಿಡಿದಿದೆ ಎಂದೆವು. ಮೂರನೆಯ ದಿನ ಎರಡೂ ಕಣ್ಣು ಕೆಂಪಾದವು. ಬೋರ್ಡೋ ಮದ್ದಿನ ಹನಿ ಕಣ್ಣಿಗೆ ಸಿಡಿದಿರಬೇಕು ಎಂದೆವು. ಅವನು ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗಿದ. ಐದನೆಯ ದಿನ ಕಣ್ಣಿಗೆ ಹಳದಿ ಏರಿತು. ಮನೆಯವರು ಕಾಮಾಲೆಗೆ ಮದ್ದು ಕೊಡುವವರಲ್ಲಿಗೆ ಕರೆದೊಯ್ದರು. ಏಳನೆಯ ದಿನ ಮೂತ್ರ ನಿಂತಿತು. ಆಗ ಜೀಪು ಮಾಡಿ ಪೇಟೆಯ ಆಸ್ಪತ್ರೆಗೆ ಹೊರಟೆವು.

ಅಲ್ಲಿಯ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು: “ಜ್ವರ ಬರುವ ಮೊದಲಿನ ಎರಡು ವಾರದಲ್ಲಿ ಇವರು ನಿಂತ ನೀರಿನಲ್ಲಿ ಕೆಲಸ ಮಾಡಿದ್ದರಾ? ಕಾಲಿನಲ್ಲಿ ಗಾಯ ಇತ್ತಾ?” ಎರಡಕ್ಕೂ ಹೌದು ಎನ್ನಬೇಕಾಯಿತು. ಜ್ವರ ಬರುವುದಕ್ಕೆ ಒಂಬತ್ತು ದಿನ ಮೊದಲು, ತೋಟದ ತಗ್ಗಿನಲ್ಲಿ ಕಟ್ಟಿಕೊಂಡಿದ್ದ ಬಸಿಗಾಲುವೆಯ ಹೂಳು ತೆಗೆಯಲು ಬರಿಗಾಲಲ್ಲಿ ಅವನನ್ನು ಇಳಿಸಿದವನು ನಾನೇ. ಬೆರಳ ಸಂದಿಯಲ್ಲಿ ಕೆಸರು ಹುಣ್ಣಾಗಿದ್ದದ್ದನ್ನೂ ನೋಡಿದ್ದೆ. ಮಳೆಗಾಲದಲ್ಲಿ ಯಾರ ಕಾಲಿನಲ್ಲಿ ಅದಿಲ್ಲ!

ಎರಡು ವಾರ ಆಸ್ಪತ್ರೆ, ನಡುವೆ ಐದು ಸಲ ಡಯಾಲಿಸಿಸ್ ಆಗಿ ಅವನು ಬದುಕಿ ಬಂದ. ಮರ ಹತ್ತುವುದನ್ನು ಬಿಟ್ಟಿದ್ದಾನೆ. ಅದೇ ಮಳೆಗಾಲದಲ್ಲಿ ಆಚೆ ಬೈಲಿನಲ್ಲಿ ನೇಜಿ ನೆಡಲು ಹೋಗುತ್ತಿದ್ದ ಹೆಂಗಸೊಬ್ಬರು ಬದುಕಲಿಲ್ಲ. ಇಬ್ಬರಿಗೂ ಬಂದದ್ದು ಇಲಿಜ್ವರ.

ಯಜಮಾನರೇ, ನಮ್ಮ ಊರುಗಳಿಗೆ ಪ್ರಾಣಿಯಿಂದ ಬರುವ ಕಾಯಿಲೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಿಂದ ನಮ್ಮ ಹಿರಿಯರು ಕಲಿತ ಪಾಠ ಒಂದಿತ್ತು. ಮಾಡಿನಿಂದ ಇಲಿ ಬಿತ್ತು ಎಂದರೆ ಮನೆ ಬಿಡಬೇಕು, ಊರ ಹೊರಗೆ ಗುಡಿಸಲು ಹಾಕಬೇಕು. ಬಿರುಬೇಸಗೆಯಲ್ಲಿ ಪ್ಲೇಗು ತಣ್ಣಗಾಗುತ್ತಿತ್ತು, ಚಿಗಟಕ್ಕೆ ಒಣ ಬಿಸಿ ಆಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಲೆಕ್ಕವೂ ಮಲೆನಾಡಿನವರಿಗೆ ಬಾಯಿಪಾಠ. ಡಿಸೆಂಬರಿನಿಂದ ಮೇವರೆಗೆ, ಎಲೆ ಒಣಗಿ ಉಣ್ಣಿ ಏಳುವ ಕಾಲದಲ್ಲಿ ಅದು ಬರುತ್ತದೆ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿಕಳಿಸುವಷ್ಟು ಎಚ್ಚರ ನಮಗಿದೆ. ಪ್ಲೇಗಿನಲ್ಲಿ ಇಲಿ ಮೊದಲು ಬೀಳುತ್ತದೆ, ಮಂಗನ ಕಾಯಿಲೆಯಲ್ಲಿ ಮಂಗ ಮೊದಲು ಬೀಳುತ್ತದೆ.

ಇಲಿಜ್ವರದಲ್ಲಿ ಇಲಿ ಬೀಳುವುದಿಲ್ಲ. ಲೆಪ್ಟೊಸ್ಪೈರಾ ಎಂಬ, ಸುರುಳಿ ಸುತ್ತಿದ ನೂಲಿನಂಥ ಬ್ಯಾಕ್ಟೀರಿಯ ಅದರ ಮೂತ್ರಪಿಂಡದಲ್ಲಿ ಆರಾಮಾಗಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಜ್ವರವಿಲ್ಲ, ಅದು ಸೊರಗುವುದೂ ಇಲ್ಲ. ತಿಂದುಂಡು, ಮರಿ ಹಾಕಿ, ತಿಂಗಳುಗಟ್ಟಲೆ ಮೂತ್ರದಲ್ಲಿ ರೋಗಾಣುವನ್ನು ಸುರಿಯುತ್ತ ಓಡಾಡಿಕೊಂಡಿರುತ್ತದೆ. ಇಲ್ಲಿ ಎಲ್ಲರಿಗಿಂತ ಮೊದಲು ಬೀಳುವವನು ನಮ್ಮ ಕೆಲಸದವನು. ಆದ್ದರಿಂದ ಈ ಕಾಯಿಲೆಯ ಮಟ್ಟಿಗೆ ನೋಡಬೇಕಾದದ್ದು ಸತ್ತ ಇಲಿಯನ್ನಲ್ಲ, ಆಕಾಶವನ್ನು.

ಹೆಸರಿನಲ್ಲಿ ಇಲಿ ಇದ್ದರೂ ಈ ಜ್ವರವನ್ನು ಊರಿಗೆ ಹಂಚುವುದು ಮಳೆ. ಒಣ ನೆಲದ ಮೇಲೆ, ಬಿಸಿಲಿನಲ್ಲಿ ಈ ರೋಗಾಣು ಬಹುಬೇಗ ಸಾಯುತ್ತದೆ. ಬೇಸಗೆಯಲ್ಲಿ ಬಿಲದ ಬಾಯಲ್ಲಿ ಬಿದ್ದ ಇಲಿಯ ಮೂತ್ರ ಅಲ್ಲೇ ಆರಿ ಮುಗಿಯಿತು. ಅದೇ ಮೂತ್ರ ಬೆಚ್ಚಗಿನ ನಿಂತ ನೀರಿಗೋ ಹಸಿ ಮಣ್ಣಿಗೋ ಬಿದ್ದರೆ ರೋಗಾಣು ವಾರಗಟ್ಟಲೆ, ಅನುಕೂಲವಾದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಜಡಿಮಳೆಗೆ ಬದುವಿನ ಬಿಲಗಳಿಗೆ ನೀರು ನುಗ್ಗಿ ಇಲಿ, ಹೆಗ್ಗಣಗಳು ಮನೆ, ಹಟ್ಟಿ, ಗೊಬ್ಬರದ ಗುಂಡಿ, ಅಡಿಕೆ ಕೊಟ್ಟಿಗೆಗಳಿಗೆ ಏರುತ್ತವೆ. ಆ ಬಿಲದ ಕೊಳೆಯೆಲ್ಲ ಗದ್ದೆಗೆ, ತೋಡಿಗೆ, ಬಸಿಗಾಲುವೆಗೆ ಇಳಿಯುತ್ತದೆ. ಅದೇ ನೀರಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತವರ ಪಾದದ ಚರ್ಮ ನೆಂದು ಬಿಳುಚಿ ಸುಕ್ಕಾಗಿರುತ್ತದೆ. ಒಂದು ಮುಳ್ಳಿನ ಗೀರು, ಒಂದು ಬಿರುಕು ಸಾಕು. ಕಣ್ಣಿಗೋ ಬಾಯಿಗೋ ಎರಚಿದ ಕೆಸರು ನೀರೂ ಸಾಕು. ಜ್ವರ ಕಾಣಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಹಾಗಾಗಿ ಕಾಯಿಲೆ ಬಿದ್ದ ದಿನ ಆಕಾಶ ತಿಳಿಯಾಗಿಯೇ ಇರಬಹುದು. ಹೊಳವಾದ ದಿನ ಬಂದ ಜ್ವರಕ್ಕೂ ಹನ್ನೊಂದು ದಿನದ ಮಳೆಗೂ ನನ್ನ ತಲೆಯಲ್ಲಿ ಸಂಬಂಧ ಕೂಡಲಿಲ್ಲ.

ಇಲಿಯೊಂದರ ಮೇಲೆಯೇ ಹೊರೆ ಹೊರಿಸುವುದೂ ಸರಿಯಲ್ಲ. ದನ, ಹಂದಿ, ನಾಯಿಗಳ ಮೂತ್ರದಲ್ಲೂ ಈ ರೋಗಾಣು ಇರುತ್ತದೆ. ಹಟ್ಟಿ ತೊಳೆಯುವ ಮನೆಯ ಹೆಂಗಸರಿಗೂ ಇದು ಬರುವುದುಂಟು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇದು ತಗಲುತ್ತದೆ, ಸುಮಾರು 59 ಸಾವಿರ ಮಂದಿ ಸಾಯುತ್ತಾರೆ ಎಂಬುದು 2015ರಲ್ಲಿ ಪ್ರಕಟವಾದ ಅಂದಾಜು. ಹೈಡಲ್‌ಬರ್ಗಿನ ಅಡಾಲ್ಫ್ ವೈಲ್ ಎಂಬ ವೈದ್ಯರು 1886ರಲ್ಲೇ ಈ ಕಾಮಾಲೆ ಜ್ವರವನ್ನು ವಿವರಿಸಿದ್ದರು. ರೋಗಾಣುವನ್ನು ಹಿಡಿದು ತೋರಿಸಿದವರು ಜಪಾನಿನ ಇನಾಡ ಮತ್ತು ಇಡೊ, 1915ರ ಹೊತ್ತಿಗೆ. ಅಲ್ಲಿ ಅದು ನೀರು ಒಸರುವ ಕಲ್ಲಿದ್ದಲ ಗಣಿಗಳಲ್ಲಿ ದುಡಿಯುವವರನ್ನು ಕಾಡುತ್ತಿತ್ತು. ದೇಶ ಯಾವುದಾದರೂ ಈ ಕಾಯಿಲೆ ಹುಡುಕಿಕೊಂಡು ಹೋಗುವುದು ಒದ್ದೆ ಕಾಲಿನವರನ್ನೇ. ನಮ್ಮ ಅಂಡಮಾನಿನಲ್ಲಿ 1980ರ ದಶಕದ ಕೊನೆಯಿಂದ ಮಳೆ ಮುಗಿಯುವ ಹೊತ್ತಿಗೆ ರಕ್ತ ಕೆಮ್ಮಿ ಸಾಯುವ ಜ್ವರವೊಂದು ಏಳುತ್ತಿತ್ತು. ಏನೆಂದು ತಿಳಿಯದೆ ಅದಕ್ಕೆ ಅಂಡಮಾನಿನ ರಕ್ತಸ್ರಾವ ಜ್ವರ ಎಂದೇ ಹೆಸರಿಟ್ಟಿದ್ದರು. ಅದೂ ಇಲಿಜ್ವರವೇ ಎಂದು ಗೊತ್ತಾದದ್ದು ಕೆಲವು ವರ್ಷಗಳ ನಂತರ. ವೇಷ ಮರೆಸುವುದರಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ನಮ್ಮಲ್ಲಿ ಡೆಂಗಿಯ ವೇಷ, ಕಾಮಾಲೆಯ ವೇಷ, ಮೈಕೈ ನೋವಿನ ವೇಷ.

ದೊಡ್ಡ ಮಳೆಯ ಬೆನ್ನಿಗೆ ಇದು ಬರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನೀರಿಳಿದ ಮೇಲೆ ನಗರದ ಆಸ್ಪತ್ರೆಗಳು ಇಲಿಜ್ವರದವರಿಂದ ತುಂಬಿದವು. 1999ರ ಒಡಿಶಾ ಚಂಡಮಾರುತದ ಹಿಂದೆಯೂ ಬಂತು, 2018ರ ಕೇರಳದ ನೆರೆಯ ಹಿಂದೆಯೂ ಬಂತು. ಕೇರಳದಲ್ಲಿ ಆಗ ನೆರೆಯ ಕೆಸರು ಬಳಿಯಲು ಹೋದ ಸ್ವಯಂಸೇವಕರಿಗೆ ಮೊದಲೇ ಡಾಕ್ಸಿಸೈಕ್ಲಿನ್ ಗುಳಿಗೆ ಹಂಚಿದರು.

ನಮ್ಮ ಮಳೆಯೂ ಹಳೆಯ ಮಳೆಯಾಗಿ ಉಳಿದಿಲ್ಲ ಎಂದು ನಿಮಗೆ ಹೇಳಬೇಕೆ? ಜೂನಿನಲ್ಲಿ ನೇಜಿಗೆ ನೀರಿಲ್ಲವೆಂದು ಪಂಪು ಇಡುತ್ತೇವೆ, ಆಗಸ್ಟಿನಲ್ಲಿ ಎರಡು ದಿನದ ಮಳೆಗೆ ಗುಡ್ಡವೇ ಜಾರಿ ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ಕಡೆ ಏನಾಯಿತೆಂದು ನೋಡಿದವರು ನಾವೇ. 1950 ಮತ್ತು 2015ರ ನಡುವೆ ಮಧ್ಯಭಾರತದಲ್ಲಿ ವಿಪರೀತ ಮಳೆಯ ಪ್ರಸಂಗಗಳು ಮೂರು ಪಟ್ಟಾದವು, ಆ ಮಳೆಗೆ ತೇವವನ್ನು ಒದಗಿಸುತ್ತಿರುವುದು ಅರಬ್ಬೀ ಸಮುದ್ರ ಎಂದು ಪುಣೆಯ ಹವಾಮಾನ ವಿಜ್ಞಾನಿಗಳು 2017ರಲ್ಲಿ ತೋರಿಸಿದ್ದಾರೆ. ಆ ಸಮುದ್ರ ನಮ್ಮ ಮನೆ ಬಾಗಿಲಿನದು.

ಹೀಗೆ ಸುರಿದು, ಬಿಟ್ಟು, ಮತ್ತೆ ಸುರಿಯುವ ಮಳೆಯಿಂದ ಎರಡು ಕೆಡುಕಾಗುತ್ತದೆ. ಒಂದು, ಬಿಲದ ಕೊಳೆ ಒಮ್ಮೆಲೇ ಕೊಚ್ಚಿ ಬಂದು, ಮಳೆ ನಿಂತಾಗ ತಗ್ಗಿನಲ್ಲಿ ಬೆಚ್ಚಗೆ ನಿಲ್ಲುತ್ತದೆ. ಇನ್ನೊಂದು ಪುಸ್ತಕದಲ್ಲಿ ಸಿಗುವುದಿಲ್ಲ, ನಾನು ಜಗಲಿಯಲ್ಲಿ ಕಂಡದ್ದು. ಹೊಳವು ಕಡಿಮೆಯಾದಷ್ಟೂ ಯಜಮಾನನ ಅವಸರ ಹೆಚ್ಚುತ್ತದೆ. ಹದಿನೈದು ದಿನಕ್ಕೊಮ್ಮೆ ಸಿಗುವ ಒಂದೂವರೆ ದಿನದ ಬಿಸಿಲಿನಲ್ಲಿ ಮದ್ದು ಬಿಡಬೇಕು, ಕಳೆ ತೆಗೆಯಬೇಕು, ಕಾಲುವೆ ಬಿಡಿಸಬೇಕು. ಅಂಥ ದಿನ ಜ್ವರ ಎಂದವನ ಮುಖ ನಮಗೆ ಕಾಣುವುದಿಲ್ಲ, ಉದುರುವ ಕಾಯಿ ಕಾಣುತ್ತದೆ. ಸಂಬಳ ಹೋಗುತ್ತದೆಂಬ ಹೆದರಿಕೆಗೆ ಅವನೂ ‘ಅಡ್ಡಿಯಿಲ್ಲ’ ಎನ್ನುತ್ತಾನೆ.

ಕೊಯ್ಲಿನ ಕಾಲವನ್ನೂ ಮರೆಯಬೇಡಿ. ಇತ್ತೀಚೆಗೆ ಅಕ್ಟೋಬರಿನಲ್ಲೂ ಮಳೆ ಬಂದು ತೆನೆಯ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಇಲಿಗಳ ಸಂಖ್ಯೆ ಏರುವುದೂ ತೆನೆ ಬಲಿಯುವಾಗಲೇ. ಇಪ್ಪತ್ತೆರಡು–ಇಪ್ಪತ್ಮೂರು ದಿನಕ್ಕೆ ಈಯುವ ಪ್ರಾಣಿ ಅದು. ಅಂಥ ಗದ್ದೆಯಲ್ಲಿ ಕತ್ತಿ ಹಿಡಿದು ಬಗ್ಗಿದವರ ಕೈ ಕೊಯ್ಯದೆ ಇರುತ್ತದೆಯೆ?

ಇನ್ನು ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು. ‘ಗದ್ದೆಗಿಳಿಯುವಾಗ ಮೊಣಕಾಲುದ್ದದ ಬೂಟು ಧರಿಸಿ’ ಎಂದು ಗೋಡೆಗಳ ಮೇಲೆ ಬರೆದಿರುತ್ತಾರೆ. ಬರೆದವರು ಒಂದು ದಿನವೂ ನೇಜಿ ನೆಟ್ಟವರಲ್ಲ. ಉತ್ತ ಗದ್ದೆಯ ಕೆಸರಿನಲ್ಲಿ ಬೂಟು ಅಲ್ಲೇ ಹೂತು ಕಾಲು ಮಾತ್ರ ಮೇಲೆ ಬರುತ್ತದೆ. ಆದರೆ ತೋಟದ ಕಾಲುವೆ, ಹಟ್ಟಿ, ಗೊಬ್ಬರದ ಗುಂಡಿ, ನೀರು ನಿಂತ ಅಂಗಳ, ಇಲ್ಲೆಲ್ಲ ಬೂಟು ಖಂಡಿತ ನಡೆಯುತ್ತದೆ. ಒಂದು ಜೊತೆಯ ಬೆಲೆ ಒಂದು ದಿನದ ಸಂಬಳಕ್ಕಿಂತ ಹೆಚ್ಚಿಲ್ಲ. ಬೇರೆ ಬೇರೆ ಅಳತೆಯ ನಾಲ್ಕು ಜೊತೆ ತಂದು ಕೊಟ್ಟಿಗೆಯಲ್ಲಿಡಿ. ನಾಟಿಗೆ ಇಳಿಯುವವರ ಕಾಲನ್ನು ಬೆಳಿಗ್ಗೆ ಒಮ್ಮೆ ನೋಡಿ. ಹುಣ್ಣಿದ್ದವರಿಗೆ ಆ ದಿನ ನೇಜಿಯ ಕಟ್ಟು ಸಾಗಿಸುವ ಕೆಲಸವನ್ನೋ ಮನೆಯಂಗಳದ ಕೆಲಸವನ್ನೋ ಕೊಡಿ. ಸಂಜೆ ಕೆಲಸ ಬಿಟ್ಟಾಗ ಬಾವಿಕಟ್ಟೆಯಲ್ಲಿ ಸೋಪು, ಬಿಸಿನೀರು ಇರಲಿ.

ಇಲಿ ಪಾಷಾಣದ ಬಗ್ಗೆಯೂ ಒಂದು ಮಾತು. ಒಬ್ಬನ ಗದ್ದೆಯಲ್ಲಿ ಇಟ್ಟರೆ ಪಕ್ಕದ ಬೈಲಿನ ಇಲಿ ಬಂದು ಜಾಗ ತುಂಬುತ್ತದೆ. ಇಡುವುದಿದ್ದರೆ ಬೈಲಿನವರೆಲ್ಲ ಸೇರಿ, ಒಂದೇ ವಾರದಲ್ಲಿ, ನಾಟಿಗೆ ಮೊದಲು ಇಡಬೇಕು. ಸತ್ತದ್ದನ್ನು ತೋಡಿಗೆ ಎಸೆಯದೆ ಆಳವಾಗಿ ಹೂಳಬೇಕು. ಕೇರೆ ಹಾವು ಕಂಡರೆ ದೊಣ್ಣೆ ಹುಡುಕುವ ಅಭ್ಯಾಸವನ್ನೂ ಬಿಡೋಣ. ಸಂಬಳವಿಲ್ಲದೆ ಇಲಿ ಹಿಡಿಯುವ ಆಳು ಅದು.

ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವನ್ನು ಉತ್ತರ ಅಂಡಮಾನಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸೋಂಕು ಅದರಿಂದ ತಪ್ಪಲಿಲ್ಲ. ಆದರೆ ಕಾಯಿಲೆ ಬಿದ್ದವರ ಪ್ರಮಾಣ ಗುಳಿಗೆ ನುಂಗದವರಿಗಿಂತ ಕಡಿಮೆಯಿತ್ತು. ಹಾಗೆಂದು ಅಂಗಡಿಯಿಂದ ಪಟ್ಟಿಗಟ್ಟಲೆ ತಂದು ನೀವೇ ಹಂಚಬೇಡಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದು ಸಲ್ಲದು. ನಾಟಿಗೆ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ನಿಮ್ಮ ಕೆಲಸದವರಲ್ಲಿ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳಿ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವವರು ಧಾರಾಳ ಕುಡಿಯಲಿ, ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಆಟಿ ಕಾಯಿಲೆಯ ತಿಂಗಳೆಂದು ಹಿರಿಯರು ಲೆಕ್ಕ ಹಾಕಿದ್ದು ಸುಳ್ಳಲ್ಲ. ಆದರೆ ಇಲಿಜ್ವರಕ್ಕೆ ಅದು ಮದ್ದಲ್ಲ. ಅದೇ ತಿಂಗಳಲ್ಲಿ ಪೇಟೆಯವರನ್ನು ಕರೆಸಿ ಕೆಸರು ಗದ್ದೆ ಆಟೋಟ ಮಾಡಿಸುವ ಯುವಕ ಮಂಡಲಗಳ ಯಜಮಾನರೂ ಈ ಪತ್ರ ಓದುತ್ತಿದ್ದರೆ, ಗಾಯವಿದ್ದವರನ್ನು ಗದ್ದೆಗೆ ಇಳಿಸಬೇಡಿ.

ಜ್ವರ ಬಂದೇಬಿಟ್ಟರೆ? ಮಳೆಗಾಲದಲ್ಲಿ ಕೆಸರು ಮೆಟ್ಟಿದವನಿಗೆ ಬಂದ ಜ್ವರವನ್ನು, ಅಲ್ಲವೆಂದು ವೈದ್ಯರು ಹೇಳುವವರೆಗೆ, ಇಲಿಜ್ವರವೆಂದೇ ತಿಳಿಯಿರಿ. ಮೊದಲ ದಿನವೇ ಕಳಿಸಿ. ಬೇಗ ಶುರು ಮಾಡಿದರೆ ಅಗ್ಗದ ಮಾತ್ರೆಯಲ್ಲಿ ಗುಣವಾಗುವ ಕಾಯಿಲೆ ಇದು. ವಾರ ತಡೆದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳಿಗೆ ಹತ್ತುತ್ತದೆ. ನೋವಿನ ಮಾತ್ರೆ ನುಂಗಿಸಬೇಡಿ, ಬಳಲಿದ ಮೂತ್ರಪಿಂಡವನ್ನು ಅದು ಇನ್ನಷ್ಟು ಕೆಡಿಸುತ್ತದೆ. ಕಳಿಸುವಾಗ ಒಂದು ಚೀಟಿ ಬರೆದುಕೊಡಿ: ‘ಹತ್ತು ದಿನದಿಂದ ಗದ್ದೆಯಲ್ಲಿ ನಾಟಿ ಕೆಲಸ. ಕಾಲಿನಲ್ಲಿ ಹುಣ್ಣು. ಜ್ವರ ನಿನ್ನೆ ರಾತ್ರಿಯಿಂದ.’ ಈ ಮೂರು ಸಾಲಿನ ಬೆಲೆ ದೊಡ್ಡದು. ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆಯಲ್ಲಿ ಮೊದಲ ಐದಾರು ದಿನ ಈ ಕಾಯಿಲೆ ಕಾಣದೆ ಹೋಗಬಹುದು. ಆಗ ವೈದ್ಯರಿಗೆ ದಾರಿ ತೋರಿಸುವುದು ರೋಗಿಯ ಕೆಲಸದ ಸಂಗತಿಯೊಂದೇ. ಈಗ ನಮ್ಮ ತೋಟಗಳಲ್ಲಿ ದುಡಿಯುವವರಲ್ಲಿ ಘಟ್ಟದ ಮೇಲಿನವರಿದ್ದಾರೆ, ಜಾರ್ಖಂಡ್, ಬಿಹಾರದವರಿದ್ದಾರೆ. ಅವರಿಗೆ ಈ ಜ್ವರದ ಹೆಸರೂ ಗೊತ್ತಿಲ್ಲ, ವೈದ್ಯರ ಭಾಷೆಯೂ ಬಾರದು. ಚೀಟಿ ಸಾಲದಿದ್ದರೆ ಜೊತೆಗೆ ಹೋಗಿ.

ಇಷ್ಟೆಲ್ಲದಕ್ಕಿಂತ ಮುಖ್ಯವಾದ ಮಾತು ಸಂಬಳದ್ದು. ಜ್ವರವೆಂದು ಮನೆಗೆ ಹೋದವನಿಗೆ ಆ ದಿನದ ಸಂಬಳವಿಲ್ಲ ಎಂಬ ಪದ್ಧತಿ ಇರುವವರೆಗೆ ಯಾವ ಕೆಲಸದವನೂ ಮೊದಲ ದಿನ ಜ್ವರವೆಂದು ಬಾಯಿ ಬಿಡುವುದಿಲ್ಲ. ಇದು ಅವನ ಅಜ್ಞಾನವಲ್ಲ, ಲೆಕ್ಕಾಚಾರ. ಅವನ ಮನೆಯ ಅಕ್ಕಿಯ ಲೆಕ್ಕಾಚಾರ. ಅದನ್ನು ಬದಲಿಸಲು ಯಾವ ಇಲಾಖೆಯಿಂದಲೂ ಆಗದು, ನಮ್ಮಿಂದ ಆಗುತ್ತದೆ. ಆ ಘಟನೆಯ ನಂತರ ನಮ್ಮ ತೋಟದಲ್ಲಿ ಜೂನಿನಿಂದ ಅಕ್ಟೋಬರ್‌ವರೆಗೆ, ಜ್ವರವೆಂದು ಆಸ್ಪತ್ರೆಗೆ ಹೋದವರಿಗೆ ಆ ದಿನದ ಮತ್ತು ಮಾರನೆಯ ದಿನದ ಸಂಬಳ ಕೊಡುತ್ತಿದ್ದೇನೆ. ಸುಳ್ಳು ಹೇಳಿ ಹೋಗುವವರಿಲ್ಲವೇ ಎಂದು ನನ್ನನ್ನು ಕೇಳಿದವರು ಹಲವರು. ಒಂದಿಬ್ಬರು ಹೋಗಿರಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಾನು ಕಟ್ಟಿದ ಮುಂಗಡದ ಮುಂದೆ ಆ ನಷ್ಟ ಲೆಕ್ಕಕ್ಕೇ ಬಾರದು.

ಮೊದಲ ಸಲ ಮದ್ದು ಬಿಡುವ ದಿನ ಇನ್ನೇನು ಬಂತು. ಅಂದು ಬೆಳಿಗ್ಗೆ ಸುಣ್ಣ, ಮೈಲುತುತ್ತು ಕಲಸುವ ಮೊದಲು ಕೆಲಸದವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಚಾ ಕೊಡಿ. ಜ್ವರ ಬಂದರೆ ಮುಚ್ಚಿಡಬೇಡಿ, ಆ ದಿನದ ಸಂಬಳ ನಮ್ಮದು ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಿಬಿಡಿ. ಹೇಳಿದಂತೆ ಕೊಡಿ.

ಇತಿ,
ನಿಮ್ಮ ವಿಶ್ವಾಸಿ,
ನಿಮ್ಮಂತೆಯೇ ಒಬ್ಬ ಅಡಿಕೆ ಕೃಷಿಕ